ಸವೆದ ಹೆಸರುಗಳ ವಿಳಾಸ ಪುಸ್ತಕ

ಪುರಸಭೆಯ ಕಂಪ್ಯೂಟರ್ ಕೋಣೆಗೆ ಒಳಗಿನಿಂದ ಅಗುಳಿ ಹಾಕಿಕೊಂಡು, "ಅಧ್ಯಕ್ಷರು ಬಂದರೂ ಅಷ್ಟೇ, ಅವರಪ್ಪ ಬಂದರೂ ಅಷ್ಟೇ, ಈ ಕೆಲಸ ಮುಗಿಯೋ ತನಕ ಬಾಗಿಲು ತೆಗೆಯಲ್ಲ" ಎಂದು ನಮ್ಮ ಅಕ್ಕ ಕೂಗಿದ್ದನ್ನು ಇಡೀ ಕಚೇರಿ ಕೇಳಿಸಿಕೊಂಡಿತು. ಬಾಗಿಲ ಹೊರಗೆ ಕಾವಲು ನಿಂತಿದ್ದವನು ನಾನು. ಒಡಹುಟ್ಟಿದವಳನ್ನು ಎದುರಿಗೇ ಹೊಗಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಅವಳು ಇಲ್ಲದ ಕಡೆ ನಾನು ಧಾರಾಳವಾಗಿ ಹೊಗಳುತ್ತೇನೆ. ಈಗಲೂ ಅದನ್ನೇ ಮಾಡುವವನಿದ್ದೇನೆ.

ಮೊದಲು ನಮ್ಮ ಊರಿನ ಹೆಸರುಗಳ ವಿಷಯ ಹೇಳಿಬಿಡಬೇಕು. ನಮ್ಮಲ್ಲಿ ಹೆಸರು ಸವೆಯುತ್ತದೆ. ಮೆಟ್ಟಿದಷ್ಟೂ ಚಪ್ಪಲಿ ಸವೆಯುವ ಹಾಗೆ, ಕರೆದಷ್ಟೂ ಹೆಸರು ಸವೆಯುತ್ತದೆ. ಮೊದಮೊದಲು ಬೆನ್ನ ಹಿಂದೆ ಕೂಗಿದರೆ ಕಿವಿಗೆ ಬೀಳುವುದಿಲ್ಲ. ಆಮೇಲೆ ರೇಷನ್ ಕಾರ್ಡಿನಲ್ಲಿ, ಬಾಗಿಲ ಮೇಲಿನ ಬೋರ್ಡಿನಲ್ಲಿ ಅಕ್ಷರ ಮಾಸುತ್ತ ಬರುತ್ತದೆ. ಕೊನೆಗೊಂದು ದಿನ ಕರೆಯಲು ಬಾಯಿ ತೆರೆದವರ ಗಂಟಲಿನಿಂದ ಬರೀ ಗಾಳಿ ಹೊರಡುತ್ತದೆ. ಹಾಗೆ ಹೋದ ಹೆಸರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಇಟ್ಟುಕೊಂಡಿದ್ದವರ ನೆನಪಿನಲ್ಲಿ ಕೂಡ. ಆಗ ಅವರು ಹೊಸದೊಂದು ಹೆಸರು ಇಟ್ಟುಕೊಂಡು ಬೀದಿಗೆಲ್ಲ ಕಡ್ಲೆಪುರಿ ಹಂಚುತ್ತಾರೆ. ಅಪ್ಪ, ಅಕ್ಕ, ಮಾವ, ಮೇಷ್ಟ್ರು, ಡಾಕ್ಟ್ರು ಅನ್ನುವ ಮಾತುಗಳು ಎಷ್ಟು ಕರೆದರೂ ಸವೆಯುವುದಿಲ್ಲ. ಸವೆಯುವುದು ಹೆಸರು ಮಾತ್ರ.

ಇದಕ್ಕೆ ನಾವು ಯಾರೂ ಬೇಸರ ಪಟ್ಟುಕೊಳ್ಳುವುದಿಲ್ಲ. ಸವೆಯಿತು ಎಂದರೆ ಜನಕ್ಕೆ ಬೇಕಾಗಿದ್ದ ಮನುಷ್ಯ ಎಂದು ಅರ್ಥ. ಸೂಲಗಿತ್ತಿಯರು, ಲೈನ್‌ಮನ್‌ಗಳು, ದೊಡ್ಡ ಸಂಸಾರ ಸಾಕಿದ ತಾಯಂದಿರು ಪುರಿಯ ಬುಟ್ಟಿ ಹಿಡಿದು ಬೀದಿಗಿಳಿದರೆ ಆ ನಡಿಗೆಯ ಗತ್ತೇ ಬೇರೆ. ಹೆಣ್ಣು ನೋಡಲು ಹೋದವರು ಸಹ, "ಹುಡುಗನ ಅಜ್ಜಿ ಎಷ್ಟು ಹೆಸರು ಸವೆಸಿದ್ದಾರೆ?" ಎಂದು ಕೇಳಿಸಿಕೊಂಡು ಬರಬೇಕು. ನನಗೆ ಈಗ ರಘುಪತಿ ಎಂದು ಹೆಸರು. ಊರಿನ ಆಸ್ಪತ್ರೆಯ ಆ್ಯಂಬುಲೆನ್ಸ್ ಓಡಿಸುವವನಾದ್ದರಿಂದ ಇದೂ ಬಹಳ ಕಾಲ ಬಾಳುವಂತೆ ಕಾಣುವುದಿಲ್ಲ. ಅಕ್ಕನಿಗೆ ಮಂದಾಕಿನಿ ಎಂದು. ಪುರಸಭೆಯ ಕಂಪ್ಯೂಟರ್ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ವಿಭಾಗದಲ್ಲಿ ಇರುವವಳೂ ಅವಳೊಬ್ಬಳೇ ಅನ್ನುವುದನ್ನು ಅವಳು ಯಾರ ಹತ್ತಿರವೂ ಬಾಯಿಬಿಡುವುದಿಲ್ಲ.

ತೊಂದರೆ ಎಲ್ಲಿತ್ತೆಂದರೆ, ಪುರಿ ತಲುಪುವುದು ಒಂದು ಬೀದಿಗೆ. ಆಸ್ಪತ್ರೆಯವರದು ಒಂದು ಪಟ್ಟಿ, ನೀರಿನ ಕಚೇರಿಯವರದು ಇನ್ನೊಂದು, ಶಾಲೆಯವರದು ಮತ್ತೊಂದು. ಕರೆಂಟಿನವರು ಹುಡುಕುವ ಮನುಷ್ಯ ಹಾಲಿನ ಡೇರಿಯವರ ಲೆಕ್ಕದಲ್ಲಿ ಬೇರೆಯೇ ಹೆಸರಿನಲ್ಲಿ ಇರುತ್ತಿದ್ದ. ಇದಕ್ಕೊಂದು ಕೊನೆ ಹಾಡಬೇಕೆಂದು ಪುರಸಭೆ ಗ್ರೂಪ್‌ವೇರ್ ತರಿಸಿತು. ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದೇ ಜಾಗದಲ್ಲಿ ಎಲ್ಲ ಕಚೇರಿಗಳ ಮೇಲ್, ಕ್ಯಾಲೆಂಡರ್, ಜೊತೆಗೆ ಎಲ್ಲರಿಗೂ ಸೇರಿದ ವಿಳಾಸ ಪುಸ್ತಕ. ಅದನ್ನು ಕೂಡಿಸಿಕೊಡಲು ಹೊರಗಿನಿಂದ ಒಬ್ಬ ಇಂಜಿನಿಯರು ಬಂದಿದ್ದ. "ಹೆಸರು ಸವೆದರೆ ಇದರಲ್ಲಿ ಏನಾಗುತ್ತಪ್ಪ?" ಎಂದು ಅಕ್ಕ ಕೇಳಿದ್ದಕ್ಕೆ, ಅವಳೇನೋ ತಮಾಷೆ ಮಾಡುತ್ತಿದ್ದಾಳೆಂದು ನಕ್ಕು, ಚಹಾ ಕುಡಿದು ಸಂಜೆಯ ಬಸ್ಸಿಗೆ ಹೊರಟುಹೋದ. ಉಳಿದದ್ದನ್ನೆಲ್ಲ ಅಕ್ಕನೇ ಕೂತು ಹೊಂದಿಸಿದಳು. ಯಾವ ಕಚೇರಿಗೆ ಯಾವ ಗುಂಪು, ಯಾರಿಗೆ ನೋಡುವ ಅನುಮತಿ, ಯಾರಿಗೆ ತಿದ್ದುವ ಅನುಮತಿ ಎಂದು ಊಟದ ಹೊತ್ತಿನಲ್ಲೂ ಅದೇ ಮಾತು. ಭಾವ ಒಂದು ದಿನ ಉಪ್ಪಿನಕಾಯಿ ಕೇಳಿದ್ದಕ್ಕೆ "ನಿಮಗೆ ನೋಡೋ ಅನುಮತಿ ಮಾತ್ರ" ಅಂದಳಂತೆ.

ಅನುಮತಿಯ ವಿಷಯದಲ್ಲಿ ಅಧ್ಯಕ್ಷರದು ಒಂದೇ ಹಟ. ನಮ್ಮ ಪುರಸಭೆಯ ಅಧ್ಯಕ್ಷರು ಶಂಭುಲಿಂಗಯ್ಯ. ಒಳ್ಳೆಯ ಮನುಷ್ಯರು, ಕಟ್ಟುನಿಟ್ಟಿನವರು. ಹಿಂದೆ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದರು. "ನೋಡೋದಕ್ಕೆ ಊರಿಗೆಲ್ಲ ಕೊಡಮ್ಮ, ಬೇಡ ಅನ್ನಲ್ಲ. ತಿದ್ದೋದು ಮಾತ್ರ ಕಚೇರಿಯಲ್ಲೇ ಆಗಬೇಕು. ಹೆಸರು ಬದಲಾದವರು ಅರ್ಜಿ ಕೊಡಲಿ, ನಾನು ನೋಡಿ ಸಹಿ ಹಾಕ್ತೀನಿ, ಆಮೇಲೆ ನೀನು ತಿದ್ದು" ಎಂದರು. ಅಕ್ಕನಿಗೂ ಅದು ಸರಿಯೆನ್ನಿಸಿತು. ಅವಳೂ ಅಚ್ಚುಕಟ್ಟಿನವಳೇ. ಉದ್ಘಾಟನೆಯ ದಿನ ಪುರಭವನದ ಗೋಡೆಯ ಮೇಲೆ ದೊಡ್ಡದಾಗಿ ವಿಳಾಸ ಪುಸ್ತಕ ಮೂಡಿದಾಗ ಜನ ತಮ್ಮ ತಮ್ಮ ಹೆಸರು ಹುಡುಕಿ ಚಪ್ಪಾಳೆ ತಟ್ಟಿದರು. ಆಸ್ಪತ್ರೆಯವರು ತಮ್ಮ ಹಳೆಯ ಪಟ್ಟಿಗಳನ್ನೆಲ್ಲ ರದ್ದಿಗೆ ಹಾಕಿದರು. ಅಕ್ಕ ಆ ದಿನ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು.

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಬಳೆ ಅಂಗಡಿಯವರ ಸೊಸೆಯನ್ನು ನನ್ನ ಆ್ಯಂಬುಲೆನ್ಸಿನಲ್ಲೇ ಹೆರಿಗೆಗೆ ತಂದೆ. ಮಗು ಹುಟ್ಟಿತು, ಗಂಡು ಮಗು. ಆದರೆ ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು ನರ್ಸ್ ಫಿಲೋಮಿನಾಗೆ ಹೇಳಿದ್ದು ಎರಡೇ ಮಾತು: "ಓ ನೆಗೆಟಿವ್. ಬೇಗ." ಅಂಥ ರಕ್ತ ಸಿಗುವುದು ಕಷ್ಟ. ಬ್ಲಡ್ ಬ್ಯಾಂಕು ಇರುವ ಊರಿಗೆ ಹೋಗಿ ಬರುವುದೆಂದರೆ ಸಾಯಂಕಾಲವಾಗುತ್ತದೆ. ಸಾಯಂಕಾಲದವರೆಗೆ ಕಾಯುವ ಸ್ಥಿತಿ ಅವಳದಾಗಿರಲಿಲ್ಲ.

ಫಿಲೋಮಿನಾ ಓಡಿಹೋಗಿ ವಿಳಾಸ ಪುಸ್ತಕ ತೆರೆದಳು. ರಕ್ತದಾನಿಗಳ ಗುಂಪು ಒತ್ತಿದಳು. ಓ ಪಾಸಿಟಿವ್ ಇದ್ದರು, ಬಿ ಪಾಸಿಟಿವ್ ಇದ್ದರು. ಓ ನೆಗೆಟಿವ್ ಎಂಬ ಕಡೆ ಯಾರೂ ಇರಲಿಲ್ಲ. "ಇದ್ದರಲ್ಲ ಒಬ್ಬರು! ಪ್ರತಿ ಸಲ ಅವರೇ ಬಂದು ಕೊಡೋರಲ್ಲ!" ಎಂದು ಅವಳು ಕೂಗಿ, ಹೆಸರು ಹೇಳಲು ಬಾಯಿ ತೆರೆದಳು. ಗಾಳಿ ಬಂತು. ಅವಳು ನನ್ನ ಮುಖ ನೋಡಿದಳು. ಆಗ ನನಗೂ ಅರ್ಥವಾಯಿತು.

ಅಕ್ಕನಿಗೆ ಫೋನು ಮಾಡಿದೆ. ಫೋನಿನಲ್ಲಿ ಅವಳ ಕೀಲಿಮಣೆಯ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ಆಮೇಲೆ ಅವಳು ತೀರ ತಗ್ಗಿದ ದನಿಯಲ್ಲಿ, "ತಮ್ಮಾ, ಹೆಸರಿಲ್ಲದ ನಮೂದುಗಳನ್ನ ತಾನಾಗೇ ತೆಗೆದುಹಾಕು ಅಂತ ಒಂದು ಆಯ್ಕೆ ಇದೆ ಕಣೋ. ಬಂದಾಗಿನಿಂದ ಗುರುತು ಹಾಕೇ ಇದೆ. ಹೆಸರು ಸವೆದು ಖಾಲಿ ಆದವರನ್ನೆಲ್ಲ ಇದು ಕಸ ಅಂತ ಗುಡಿಸಿಹಾಕಿದೆ. ಫೋನ್ ನಂಬರು ಸಮೇತ" ಎಂದಳು. ಇನ್ನೂ ಏನೋ ನೋಡುತ್ತಿದ್ದಳು. "ಸೂಲಗಿತ್ತಿ ಇಲ್ಲ. ಪಂಪ್‌ಹೌಸಿನವನು ಇಲ್ಲ. ಹಾವು ಹಿಡಿಯೋವ್ನು ಇಲ್ಲ. ಊರಿಗೆ ಯಾರು ಹೆಚ್ಚು ಬೇಕೋ ಅವರೇ ಮೊದಲು ಹೋಗಿದ್ದಾರೆ."

"ಆಮೇಲೆ ಅದನ್ನೆಲ್ಲ ನೋಡು. ಈಗ ಮನುಷ್ಯ ಬೇಕು" ಎಂದೆ.

"ಗಾಡಿ ತಗೊಂಡು ಬಾ" ಎಂದಳು.

ಪುರಸಭೆಯ ಮೆಟ್ಟಿಲ ಮೇಲೆ ಅವಳು ಚಪ್ಪಲಿಯಿಲ್ಲದೆ ನಿಂತಿದ್ದಳು. ಹತ್ತಿ ನನ್ನ ಪಕ್ಕ ಕೂತವಳೇ ಫಿಲೋಮಿನಾಗೆ ಫೋನು ಹಚ್ಚಿದಳು. "ಅವರ ಹೆಸರು ಹೋಗಲಿ ಬಿಡು. ಮುಖ ನೆನಪಿದೆಯಾ? ಉದ್ದ ಇದ್ದರಾ, ಕುಳ್ಳಗಿದ್ದರಾ? ಏನು ಮಾತಾಡಿದರು? ಏನು ಉಟ್ಟಿದ್ದರು?" ಫಿಲೋಮಿನಾ ಅಳುತ್ತ ಒಂದೊಂದೇ ಹೇಳಿದಳು. ನಡುವಯಸ್ಸಿನವರು. ಗಡ್ಡ ಇತ್ತು. ಬಿಳಿ ಗಡ್ಡ ಅಂದುಕೊಂಡಿದ್ದಳು, ರಕ್ತ ಕೊಟ್ಟು ಮುಖ ತೊಳೆದುಕೊಂಡು ಬಂದಾಗ ನೋಡಿದರೆ ಕಪ್ಪು ಗಡ್ಡ. "ರೆಪ್ಪೆ ಮೇಲೂ ಬೆಳ್ಳಗೆ ಏನೋ ಇತ್ತಕ್ಕ."

"ಹಿಟ್ಟು" ಎಂದಳು ಅಕ್ಕ. "ಗಿರಣಿಯವರು. ನಡಿ ತಮ್ಮಾ."

ನಮ್ಮ ಊರಿನಲ್ಲಿ ಹಿಟ್ಟಿನ ಗಿರಣಿಗೆ ಬರವಿಲ್ಲ. ಕೆರೆ ಬೀದಿಯ ಗಿರಣಿಯಲ್ಲಿ ಇದ್ದವನು ಹುಡುಗುಪ್ರಾಯದವನು. ಸಂತೆ ಬೀದಿಯದಕ್ಕೆ ಬೀಗ ಬಿದ್ದಿತ್ತು. ಅಕ್ಕ ಆ್ಯಂಬುಲೆನ್ಸಿನ ಮೈಕು ಕೈಗೆ ತೆಗೆದುಕೊಂಡಳು. ನಾನು ಸೈರನ್ ನಿಲ್ಲಿಸಿದೆ. ಬಜಾರಿನ ನಡುವೆ ಗಾಡಿ ಮೆಲ್ಲಗೆ ಹೋಗುತ್ತಿದ್ದ ಹಾಗೆ ಅವಳ ದನಿ ಎರಡೂ ಬದಿಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. "ಗಿರಣಿಯವರೇ! ಆಸ್ಪತ್ರೆಗೆ ರಕ್ತ ಕೊಡೋ ಗಿರಣಿಯವರೇ! ನಿಮ್ಮ ಹೆಸರು ನಮ್ಮಿಂದ ಸವೆದು ಹೋಗಿದೆ. ನಿಮ್ಮ ಮುಖ ಹೋಗಿಲ್ಲ. ಒಂದು ತಾಯಿ ಕಾಯ್ತಿದ್ದಾಳೆ. ಎಲ್ಲಿದ್ದರೂ ಹೊರಗೆ ಬನ್ನಿ!" ಬೀದಿಯಲ್ಲಿ ವ್ಯಾಪಾರ ನಿಂತಿತು. ಹೂವಿನವಳು ಕೈ ಚಾಚಿ ತೋರಿಸಿದಳು, ಸೈಕಲ್ ಅಂಗಡಿಯವನು ಮುಂದೆ ಓಡಿದ, ಅವನ ಹಿಂದೆ ಇನ್ನೂ ಯಾರೋ ಓಡಿದರು. ಮಸೀದಿಯ ಹಿಂದಿನ ಗಲ್ಲಿಯಿಂದ ತಲೆಯಿಂದ ಕಾಲಿನವರೆಗೆ ರಾಗಿ ಹಿಟ್ಟು ಮೆತ್ತಿಕೊಂಡ ಒಬ್ಬರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನನ್ನನ್ನೇನಮ್ಮ ಕರೆದಿದ್ದು?" ಎಂದರು.

ಈಗ ಅವರ ಹೆಸರು ಖಾದರ್ ಸಾಬರು. ಆಸ್ಪತ್ರೆಗೆ ಬರುವ ದಾರಿಯಲ್ಲಿ ಅಕ್ಕ ಅವರ ಗಡ್ಡದ ಹಿಟ್ಟನ್ನು ತನ್ನ ಸೆರಗಿನಲ್ಲೇ ಒರೆಸುತ್ತ, "ಹೊಸ ಹೆಸರು ಇಟ್ಟುಕೊಂಡ ಮೇಲೆ ನಮಗೆ ಯಾಕೆ ತಿಳಿಸಲಿಲ್ಲ ಸಾಬರೇ?" ಎಂದು ಕೇಳಿದಳು. ಅವರಿಗೆ ಆಶ್ಚರ್ಯ. "ತಿಳಿಸಿದ್ದೆನಲ್ಲಮ್ಮ. ಅರ್ಜಿ ಬರೆದು ನಿನ್ನ ಕೈಗೇ ಕೊಟ್ಟಿದ್ದೆ. ಆಮೇಲೆ ಒಂದ್ಸಲ ಬಂದು ವಿಚಾರಿಸಿದೆ, ಸಹಿ ಆಗಿಲ್ಲ ಅಂದರು. ಸಹಿ ಆದಾಗ ಆಗಲಿ ಅಂತ ಸುಮ್ಮನಾದೆ." ನಾನು ಕನ್ನಡಿಯಲ್ಲಿ ನೋಡಿದೆ. ಅಕ್ಕ ಒರೆಸುವುದನ್ನು ನಿಲ್ಲಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, "ಉಳಿದಳು" ಎಂದರು. ಬಳೆ ಅಂಗಡಿಯ ಯಜಮಾನರು ಖಾದರ್ ಸಾಬರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸಾಬರು ಮಾತ್ರ ಗಿರಣಿಯಲ್ಲಿ ಯಾರದೋ ಹುರಿಹಿಟ್ಟು ಅರ್ಧಕ್ಕೆ ನಿಂತಿದೆಯೆಂದು ಚಡಪಡಿಸುತ್ತಿದ್ದರು. ಅಕ್ಕ ತಾಯಿಯನ್ನೂ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. "ಬಾ" ಎಂದು ನನ್ನನ್ನು ಎಳೆದುಕೊಂಡು ಪುರಸಭೆಗೆ ಹೋಗಿ ಕಂಪ್ಯೂಟರ್ ಕೋಣೆ ಹೊಕ್ಕಳು. ನಾನು ಮೊದಲೇ ಹೇಳಿದ ಅಗುಳಿ ಹಾಕಿದ್ದು ಆಗಲೇ.

ಒಳಗೆ ಅವಳು ಮಾಡಿದ್ದನ್ನು ಆಮೇಲೆ ಎಷ್ಟೋ ಸಲ ನನಗೆ ವಿವರಿಸಿದ್ದಾಳೆ, ನಾನೂ ಎಷ್ಟೋ ಜನಕ್ಕೆ ವಿವರಿಸಿದ್ದೇನೆ. ಮೊದಲು ಆ ಗುಡಿಸುವ ಆಯ್ಕೆಯ ಗುರುತು ತೆಗೆದಳು. ಹೆಸರು ಎಂಬ ಅಂಕಣದ ಎದುರು ಕಡ್ಡಾಯ ಎಂದು ಕೆಂಪು ಚುಕ್ಕೆ ಇತ್ತು, ಅದನ್ನು ತೆಗೆದಳು. ಹೆಸರಿಲ್ಲದಿದ್ದರೂ ಮನುಷ್ಯ ಪುಸ್ತಕದಲ್ಲಿ ಉಳಿಯಲಿ ಎಂದು. ಆಮೇಲೆ ಹೊಸದೊಂದು ಅಂಕಣ ಸೇರಿಸಿ ಅದಕ್ಕೆ "ಯಾತಕ್ಕೆ ಕರೆಯಬೇಕು" ಎಂದು ಶೀರ್ಷಿಕೆ ಕೊಟ್ಟಳು. ಹುಡುಕಿದರೆ ಹೆಸರಿಗಿಂತ ಮೊದಲು ಅದರಲ್ಲೇ ಹುಡುಕುವ ಹಾಗೆ ಹೊಂದಿಸಿದಳು. ಎಲ್ಲಕ್ಕಿಂತ ಕೊನೆಗೆ ಅನುಮತಿಗಳ ಪುಟ ತೆರೆದು, ಅವರವರ ನಮೂದನ್ನು ಅವರವರೇ ಸೇರಿಸಬಹುದು, ತಿದ್ದಬಹುದು ಎಂದು ಇಡೀ ಊರಿಗೆ ಅನುಮತಿ ಕೊಟ್ಟು ಉಳಿಸು ಎಂಬುದನ್ನು ಒತ್ತಿದಳು. ಅಷ್ಟು ಹೊತ್ತಿಗೆ ಅಧ್ಯಕ್ಷರು ಬಾಗಿಲ ಹೊರಗೆ ನನ್ನೆದುರಿಗೆ ನಿಂತಿದ್ದರು. ಹಿಂದೆ ಅವರ ಕೈಯಲ್ಲಿ ಪಾಠ ಹೇಳಿಸಿಕೊಂಡವನು ನಾನು. ಬಾಗಿಲಿಗೆ ಅಡ್ಡ ನಿಂತ ನನ್ನನ್ನು ಅವರು ಒಮ್ಮೆ ನೋಡಿದರು. ಬೆಂಚಿನ ಮೇಲೆ ಕೂತು ಕಾದರು.

ಬಾಗಿಲು ತೆರೆದಾಗ ಅವರು ಕೇಳಿದ್ದು ಒಂದೇ. "ಯಾರನ್ನ ಕೇಳಿ ಬದಲಾಯಿಸಿದೆ ತಾಯಿ?"

"ಯಾರನ್ನೂ ಕೇಳಲಿಲ್ಲ ಸಾರ್. ನಾಳೆ ಸಭೆ ಕರೀರಿ. ಬೇಡ ಅಂತ ಸಭೆ ಹೇಳಿದರೆ ನಾನೇ ಮೊದಲಿದ್ದ ಹಾಗೆ ಮಾಡ್ತೀನಿ."

ಮಾರನೆಯ ದಿನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ಎದ್ದು ನಿಂತು ತಮ್ಮ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅರ್ಜಿಗಳು ಮೇಜಿನ ಮೇಲೆ ಉಳಿದದ್ದು ತಮ್ಮ ತಪ್ಪು, ಇನ್ನು ದಿನದಿನವೂ ಸಹಿ ಹಾಕುತ್ತೇನೆ ಎಂದರು. "ಆದರೆ ಪುಸ್ತಕವನ್ನ ಬೀದಿಗೆ ಬಿಡೋದು ಬೇಡ. ನಾಳೆ ಯಾರೋ ಒಬ್ಬ ತನ್ನನ್ನ ಡಾಕ್ಟರು ಅಂತ ಬರೆದುಕೊಂಡರೆ? ಆ ಮಾತು ನಂಬಿ ಒಂದು ಜೀವ ಹೋದರೆ ಯಾರು ಹೊಣೆ?"

ಅಕ್ಕ ಎದ್ದಳು. "ಬರೆದುಕೊಳ್ಳಲಿ ಸಾರ್. ಊರೆಲ್ಲ ನೋಡೋ ಪುಸ್ತಕ ಇದು. ಡಾಕ್ಟರು ಅಂತ ಬರೆದುಕೊಂಡವನನ್ನ ಎಲ್ಲರಿಗಿಂತ ಮೊದಲು ನಮ್ಮ ಡಾಕ್ಟರಮ್ಮನೇ ನೋಡ್ತಾರೆ. ಆಮೇಲೆ ಅವನ ಗತಿ ಏನು ಅಂತ ನಿಮಗೇ ಗೊತ್ತು." ಸಭೆ ನಕ್ಕಿತು. ಡಾಕ್ಟರಮ್ಮ ಮಾತ್ರ ನಗದೆ ತಲೆಯಾಡಿಸಿದರು. ಅಕ್ಕ ನಗು ನಿಲ್ಲುವವರೆಗೆ ಕಾದಳು. "ಸುಳ್ಳನ್ನ ಹತ್ತು ಕಣ್ಣು ನೋಡಿ ಹಿಡಿಯುತ್ತೆ ಸಾರ್. ಇಲ್ಲದೇ ಹೋದವರನ್ನ ಯಾವ ಕಣ್ಣು ಹಿಡಿಯುತ್ತೆ? ಖಾದರ್ ಸಾಬರು ಪುಸ್ತಕದಿಂದ ಹೋಗಿದ್ದು ಯಾರಿಗೂ ಕಾಣಲಿಲ್ಲ. ನನಗೇ ಕಾಣಲಿಲ್ಲ. ನಿಮ್ಮ ಸಹಿ ಎಷ್ಟು ಬೇಗ ಬಂದರೂ ಜನ ಕರೆಯೋದು ಅದಕ್ಕಿಂತ ಬೇಗ."

ಆಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಅಧ್ಯಕ್ಷರ ಹೆಸರು ಇನ್ನೂ ಅಂಗಡಿಯಿಂದ ತಂದ ಹಾಗೇ ಹೊಳೀತಾ ಇದೆ! ಕರೆಸಿಕೊಂಡವರ ಕಷ್ಟ ಅವರಿಗೇನು ಗೊತ್ತು?"

ಈ ಸಲ ನಗು ಬೇರೆ ಥರದ್ದಾಗಿತ್ತು. ಮಾತು ಸುಳ್ಳೇನಲ್ಲ. ಮೊದಲು ಎಲ್ಲರೂ ಅವರನ್ನು ಮೇಷ್ಟ್ರೇ ಎಂದರು, ಆಮೇಲೆ ಅಧ್ಯಕ್ಷರೇ ಎಂದರು. ಹೆಸರು ಹಿಡಿದು ಕರೆಯುತ್ತಿದ್ದ ಹಿರಿಯರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರೇ ಅವರಿಗೆ ಇನ್ನೂ ಇತ್ತು. ನಮ್ಮ ಊರಿನಲ್ಲಿ ಇದನ್ನು ಮುಖದ ಮೇಲೆ ಆಡಿ ತೋರಿಸುವುದಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ಯಾರ್ರೀ ಅದು?" ಎಂದು ಅಕ್ಕ ತಿರುಗಿ ನಿಂತಳು. ಬಜಾರಿನಲ್ಲಿ ಮೈಕಿನಿಂದ ಬಂದಿದ್ದ ದನಿ ಈಗ ಮೈಕಿಲ್ಲದೆ ಬಂತು. "ಎದ್ದು ನಿಂತು ಮಾತಾಡಿ. ನಾನು ವಾದ ಮಾಡ್ತಿರೋದು ಅವರ ನಿಯಮದ ಮೇಲೆ. ಅವರ ಮೇಲಲ್ಲ. ಇನ್ನೊಂದು ಸಲ ಇಂಥ ಮಾತು ಬಂದರೆ ನಾನೇ ಹೋಗಿ ಆ ಗುರುತು ಮತ್ತೆ ಹಾಕಿ ಮನೆಗೆ ಹೋಗ್ತೀನಿ." ಯಾರೂ ಏಳಲಿಲ್ಲ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು, "ಮತಕ್ಕೆ ಹಾಕೋಣ" ಎಂದರು. ಕೈಗಳು ಎದ್ದವು. ಎಣಿಸುವ ಅಗತ್ಯವಿರಲಿಲ್ಲ. ಅಕ್ಕನ ಪರವಾಗಿ ಎದ್ದ ಕೈಗಳಲ್ಲಿ ಕೊನೆಯದು ಅವರದೇ ಆಗಿತ್ತು.

ಆಮೇಲಿನ ದಿನಗಳನ್ನು ನೀವು ನೋಡಬೇಕಿತ್ತು. ಫೋನಿದ್ದವರು ಫೋನಿನಲ್ಲಿ, ಇಲ್ಲದವರು ಶಾಲೆಯ ಕಂಪ್ಯೂಟರುಗಳ ಮುಂದೆ ಸಾಲುಗಟ್ಟಿ ತಮ್ಮನ್ನು ತಾವು ಬರೆದುಕೊಂಡರು. ಹೆಸರಿನ ಅಂಕಣ ಎಷ್ಟೋ ಜನ ಖಾಲಿ ಬಿಟ್ಟರು. ಯಾತಕ್ಕೆ ಕರೆಯಬೇಕು ಎಂಬಲ್ಲಿ ಮಾತ್ರ ಬರೆದು, ಅಳಿಸಿ, ಮತ್ತೆ ಬರೆದರು. ಒಬ್ಬ, "ಹಾವು ಹಿಡಿಯಲು. ಕೊಲ್ಲುವುದಿಲ್ಲ" ಎಂದು ಬರೆದ. ಒಬ್ಬಾಕೆ, "ಬಾವಿಗೆ ಬಿದ್ದ ಕೊಡ ಎತ್ತಲು. ನನ್ನ ಹತ್ತಿರ ಪಾತಾಳಗರಡಿ ಇದೆ" ಎಂದು ಬರೆದಳು. ಹಲ್ಲಿಲ್ಲದ ಒಬ್ಬ ಅಜ್ಜಿ ಮೊಮ್ಮಗಳ ಕೈಯಲ್ಲಿ, "ರಚ್ಚೆ ಹಿಡಿದ ಕೂಸನ್ನು ಸುಮ್ಮನಾಗಿಸಲು" ಎಂದು ಬರೆಸಿದಳು. ಅಣ್ಣತಮ್ಮಂದಿರ ಜಗಳದಲ್ಲಿ ನಡುವೆ ಕೂರಲು, ಮದುವೆ ಮನೆಯ ಹೋಳಿಗೆಗೆ ಹೂರಣದ ಹದ ನೋಡಲು, ಎತ್ತರಕ್ಕೆ ಹತ್ತಲು, ತಗ್ಗಿಗೆ ಇಳಿಯಲು. ಒಂದೇ ಮನೆಯಲ್ಲಿ ಬಾಳಿದ ಗಂಡ ಹೆಂಡತಿ ಒಬ್ಬರ ನಮೂದನ್ನು ಇನ್ನೊಬ್ಬರು ಓದಿ, "ಇದು ನಿಮಗೆ ಬರುತ್ತಾ?" ಎಂದು ಕೇಳಿಕೊಂಡರು. ಖಾದರ್ ಸಾಬರು ರಕ್ತದ ಗುಂಪು ಬರೆದು, ಅದರ ಕೆಳಗೆ, "ಹಿಟ್ಟು ಬೀಸುತ್ತಿದ್ದರೆ ಸ್ವಲ್ಪ ಜೋರಾಗಿ ಕರೆಯಿರಿ" ಎಂದು ಸೇರಿಸಿದರು. ಅಕ್ಕ ತನ್ನ ಕುರ್ಚಿಯಲ್ಲಿ ಕೂತು, ಒಂದರ ಹಿಂದೊಂದು ಬಂದು ಸೇರುತ್ತಿದ್ದ ಸಾಲುಗಳನ್ನು ಮದುವೆ ಮನೆಗೆ ಬರುವ ನೆಂಟರನ್ನು ನೋಡುವಂತೆ ನೋಡುತ್ತಿದ್ದಳು. ಊರು ಇಷ್ಟು ದೊಡ್ಡದಿದೆಯೆಂದು ನಮಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅವಳನ್ನು ಮನೆಗೆ ಕರೆದೊಯ್ಯಲು ನಾನು ಹೋದಾಗ ಕಚೇರಿ ಖಾಲಿಯಾಗುತ್ತಿತ್ತು. ಅಧ್ಯಕ್ಷರು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು, "ನನ್ನದೂ ಒಂದು ಇರಬೇಕಲ್ಲ, ತೆಗಿ ತಾಯಿ" ಎಂದರು. ಅಕ್ಕ ಕುರ್ಚಿ ಎಳೆದು ಕೊಟ್ಟು ಅವರ ನಮೂದು ತೆರೆದಳು. ಹೆಸರು ಇತ್ತು. ನಂಬರು ಇತ್ತು. ಅದರ ಮುಂದಿನ ಅಂಕಣ ಖಾಲಿ. ಅವರು ಕೂತು ಪರದೆಯ ಹತ್ತಿರಕ್ಕೆ ಬಾಗಿದರು.

"ಸಹಿ ಹಾಕೋಕೆ ಅಂತ ಬರೆಯಲಾ?" ಎಂದು ನಗಲು ನೋಡಿದರು.

ಅಕ್ಕ ನಗಲಿಲ್ಲ. "ಮನೆಯಲ್ಲಿ ಅಮ್ಮಾವರು ಹಾಸಿಗೆ ಹಿಡಿದಿದ್ದರಲ್ಲ ಸಾರ್, ಆಗ ಯಾರು ನೋಡಿಕೊಂಡರು?" ಎಂದು ಕೇಳಿದಳು.

"ಇನ್ಯಾರು? ನಾನೇ."

"ಬೇರೆ ಯಾರೂ ಬರ್ತಿರಲಿಲ್ವಾ?"

"ಬರೋರಮ್ಮ. ಹಣ್ಣು ತಂದು ಇಟ್ಟು ಹೋಗೋರು. ಪಕ್ಕದಲ್ಲಿ ಕೂತಿದ್ದು ನಾನು." ಅವರು ತಮ್ಮ ಅಂಗೈಗಳನ್ನು ಮಗುಚಿ ನೋಡಿಕೊಂಡರು. "ಮೈ ಹುಣ್ಣಾಗದ ಹಾಗೆ ಹೇಗೆ ಮಗ್ಗುಲು ಬದಲಿಸಬೇಕು, ಗಂಜಿ ನೆತ್ತಿಗೇರದ ಹಾಗೆ ಹೇಗೆ ಕುಡಿಸಬೇಕು, ಎಲ್ಲ ಕಲಿತೆ. ಕಡೆಕಡೆಗೆ ನನ್ನವಳಿಗೆ ಮಾತು ನಿಂತುಹೋಗಿತ್ತು. ಉತ್ತರ ಕೊಡದವರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದೂ ಬರುತ್ತೆ ನನಗೆ. ಮೊದಲು ಕಷ್ಟ. ಆಮೇಲೆ ಬರುತ್ತೆ."

ನಾನು ಅವರ ಶಿಷ್ಯ. ಅವರ ಬೀದಿಯಲ್ಲೇ ದಿನಾ ಗಾಡಿ ಓಡಿಸುವವನು. ಇದೊಂದೂ ನನಗೆ ತಿಳಿದಿರಲಿಲ್ಲ. ಅಕ್ಕ ಕೀಲಿಮಣೆಯನ್ನು ಅವರ ಕಡೆಗೆ ಸರಿಸಿ, "ಅದನ್ನೇ ಬರೀರಿ ಸಾರ್. ತಿದ್ದೋ ಅನುಮತಿ ನಿಮಗೂ ಇದೆ" ಎಂದಳು. ಅವರು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. "ಕಾಯಿಲೆಯವರ ಪಕ್ಕ ಕೂರಲು." ಒಮ್ಮೆ ಓದಿದರು. ಹೆಡ್‌ಮಾಸ್ಟರಾಗಿದ್ದವರಲ್ಲವೇ, ಮತ್ತೊಮ್ಮೆ ಓದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ಎದ್ದರು.

ಮಳೆಗಾಲ ಮುಗಿಯುತ್ತ ಬಂದರೂ ಅವರಿಗೆ ಯಾವ ಕರೆಯೂ ಬರಲಿಲ್ಲ. ಸಭೆಗಳ ನಡುವೆ ಅವರು ಫೋನು ತೆಗೆದು ನೋಡಿ ಮತ್ತೆ ಜೇಬಿಗಿಡುವುದನ್ನು ಅಕ್ಕ ನೋಡುತ್ತಿದ್ದಳು. ಅವಳಿಗೆ ಸಂಕಟವಾಗುತ್ತಿತ್ತು. "ಕಾಯಿಲೆ ಅಂತ ನಾನೇ ಹೋಗಿ ಆಸ್ಪತ್ರೆಯಲ್ಲಿ ಮಲಗಿಬಿಡಲಾ?" ಎಂದು ಒಂದು ದಿನ ನನ್ನನ್ನು ಕೇಳಿದಳು.

ಆಮೇಲೆ ಒಂದು ಬೆಳಿಗ್ಗೆ ಗಾಡಿ ತಳ್ಳಿ ಸೊಪ್ಪು ಮಾರುವ ಮುದುಕರೊಬ್ಬರು ಬಜಾರಿನಲ್ಲೇ ಕುಸಿದುಬಿದ್ದರು. ನಾನೇ ಎತ್ತಿ ತಂದೆ. ಅರ್ಧ ಮೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕಣ್ಣು ಮಾತ್ರ ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತಿತ್ತು. ತಮ್ಮವರು ಎಂದು ಅವರಿಗೆ ಯಾರೂ ಇಲ್ಲ. "ಔಷಧಿ ನಾನು ಕೊಡ್ತೀನಿ, ಇವರ ಹತ್ತಿರ ಯಾರಾದರೂ ಕೂರಬೇಕು" ಎಂದರು ಡಾಕ್ಟರಮ್ಮ. ಫಿಲೋಮಿನಾ ವಿಳಾಸ ಪುಸ್ತಕದಲ್ಲಿ "ಪಕ್ಕ" ಎಂದು ಒತ್ತಿದಳು. ಬಂದದ್ದು ಒಂದೇ ಸಾಲು. ಆ ಸಾಲಿನಲ್ಲಿದ್ದ ಹೆಸರನ್ನು ಅವಳು ಎರಡು ಸಲ ನೋಡಿ, ನನ್ನ ಕಡೆ ನೋಡಿ, ಫೋನು ಹಚ್ಚಿದಳು.

ಅವರು ಆಟೋದಲ್ಲಿ ಬಂದರು. ಸಭೆಗೆಂದು ಹಾಕಿಕೊಂಡಿದ್ದ ಇಸ್ತ್ರಿ ಮಾಡಿದ ಜುಬ್ಬ, ಹೆಗಲ ಮೇಲೆ ಶಲ್ಯ. ವರಾಂಡದಲ್ಲಿ ಕಾಯುತ್ತಿದ್ದವರು ತಪಾಸಣೆಗೆ ಬಂದರೆಂದು ಎದ್ದು ನಿಂತು, "ನಮಸ್ಕಾರ ಅಧ್ಯಕ್ಷರೇ" ಎಂದರು. ಫಿಲೋಮಿನಾ ಅತ್ತ ಕಡೆಯಿಂದ, ಕೈಯಲ್ಲಿ ಗಂಜಿಯ ಬಟ್ಟಲು ಹಿಡಿದು, ಅವಸರದಲ್ಲಿ ಕೂಗಿದಳು. "ಶಂಭುಲಿಂಗಯ್ಯನೋರೇ, ಇಲ್ಲಿ! ಈ ಕಡೆ ಬನ್ನಿ, ಬೇಗ!"

ಅವರು ನಿಂತರು. ಯಾರನ್ನು ಕೂಗಿದಳೆಂದು ಒಂದು ಗಳಿಗೆ ಅವರಿಗೇ ತಿಳಿಯಲಿಲ್ಲ. ಆಮೇಲೆ ಶಲ್ಯ ತೆಗೆದು ನನ್ನ ಕೈಗೆ ಕೊಟ್ಟು, ತೋಳು ಮಡಿಚಿಕೊಳ್ಳುತ್ತ ಅತ್ತ ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ರಘುಪತಿ, ಪುರಸಭೆಗೆ ಹೋಗಿ ನಿಮ್ಮಕ್ಕನಿಗೆ ಹೇಳಪ್ಪ. ಇವತ್ತಿನ ಸಭೆ ನನ್ನ ಬಿಟ್ಟು ನಡೆಸಲಿ. ಯಾಕೆ ಬರಲಿಲ್ಲ ಅಂತ ಯಾರಾದರೂ ಕೇಳಿದರೆ, ನನ್ನನ್ನ ಕರೆದಿದ್ದಾರೆ ಅಂತ ಹೇಳು."